ಗುಮ್ಮಟದ ಕೆಳಗಿನ ಫೋಟೋ

ಆದೋನಿ ಬಸ್ ನಿಲ್ದಾಣದಲ್ಲಿ ಪದ್ಯ ಹೇಳಿಕೊಳ್ಳುತ್ತ ಕೂತಿದ್ದೆ. ಪಕ್ಕದ ಹೆಂಗಸು ತನ್ನ ತಮ್ಮನಿಗೆ ಫೋನಿನಲ್ಲಿದ್ದ ಫೋಟೋ ತೋರಿಸಿದಳು.

“ಸುಂಕಣ್ಣ, ನೋಡೋ, ನನ್ನ ಮಗಳು ಲಾವಣ್ಯನ ಯೂನಿವರ್ಸಿಟಿ. ಗುಮ್ಮಟದ ಕೆಳಗ ನಿಂತು ಫೋಟೋ ಕಳಿಸ್ಯಾಳ. ಅರಮನಿ ಇದ್ದಂಗೈತಿ.”

“ಈ ಗುಮ್ಮಟಕ್ಕ ಸೆಂಟ್ರಿಂಗ್ ಹೊಡೆದಾವ ನಾನೇ ಅಕ್ಕ.”

“ಹಂಗಾದ್ರ ಮೀಸಿ ತಿರುವು. ಮಾರಿ ಯಾಕ ಸಣ್ಣ ಮಾಡ್ತಿ?”

“ಹಸಿ ಕಾಂಕ್ರೀಟು. ತಿಂಗಳು ನಿಲ್ಲಬೇಕಾದ ಸೆಂಟ್ರಿಂಗ್ ಆಸರಿ, ಉದ್ಘಾಟನೆ ಐತಂತ ವಾರಕ್ಕ ತೆಗೆಸಿದ್ರು. ನಾನೇ ಬಿಚ್ಚಿದೆ.”

“ಎರಡು ವರ್ಷದಿಂದ ನಿಂತೈತಲ್ಲ.”

“ನಿಂತೈತಿ. ಲಾವಣ್ಯನ ತಲಿ ಮ್ಯಾಲಿನ ಈ ಬಿರುಕು ಆವಾಗ ಇರಲಿಲ್ಲ. ಫೋನ್ ಹಚ್ಚು.”

“ಎತ್ತವಲ್ಲಳು. ಇವತ್ತಿಂದ ಕ್ಲಾಸು ಅದರ ಕೆಳಗ ಅಂದಿದ್ಲು.”

ಅವರೂರು ಹಾಲಹರವಿಯ ಬಸ್ಸು ಬಂದು ನಿಂತಿತು. ಇಬ್ಬರೂ ಹತ್ತಲಿಲ್ಲ. ಎದುರು ದಿಕ್ಕಿಗೆ, ಯೂನಿವರ್ಸಿಟಿಯ ಊರಿಗೆ ಹೋಗುವ ಬಸ್ಸಿನ ಕಡೆ ಓಡಿದರು. ಅಕ್ಕನ ಕಿವಿಗೆ ಹಿಡಿದ ಫೋನು ಇನ್ನೂ ರಿಂಗಾಗುತ್ತಲೇ ಇತ್ತು.