ಟಣ್ ಅಂದ್ರೆ ಗಟ್ಟಿ

...ಅಲ್ಲ ಕಣೇ, ನಗೋದ್ಯಾಕೆ? ಬೇಕಾದ್ರೆ ನಿಮ್ಮಮ್ಮನ್ನೇ ಕೇಳು, ಅವಳ ಅಣ್ಣ ನಾನು ಯಾವತ್ತಾದ್ರೂ ಸುಳ್ಳು ಹೇಳಿದೀನಾ ಅಂತ... ಬೇಡ, ಕೇಳಬೇಡ. ಅವಳು ನಿನಗಿಂತ ಜೋರಾಗಿ ನಗ್ತಾಳೆ.

ನೋಡು, ಈ ಆಸ್ಪತ್ರೆಯ ಮುದಿ ಕಂಬಾನ! ಹೋದ ತಿಂಗಳು ಮೈತುಂಬ ಬಿರುಕು. ಈಗ? ಕಾರ್ಬನ್ ನಾರಿನ ಬಟ್ಟೆ ಸುತ್ತಿ, ಅಂಟು ಬಳಿದು... ಸೂಟು ಹಾಕ್ಕೊಂಡ ಮದುಮಗನ ಹಾಗೆ ನಿಂತಿದಾನೆ! ಉಕ್ಕಿಗಿಂತ ಗಟ್ಟಿ, ದಿಂಬಿನಷ್ಟು ಹಗುರ. ನನ್ನ ಬೆನ್ನಿಗೂ ಎರಡು ಸುತ್ತು ಹಾಕಿಸ್ಕೊಳ್ಳೋಣ ಅಂತಿದ್ದೆ. ಬಾಯಿಗೂ ಹಾಕಿಸ್ಕೊಳ್ಳಿ ಅಂದಳು ನಿಮ್ಮತ್ತೆ.

ಏನು? ತಟ್ಟಿ ನೋಡಿದ್ಯಾ ಅಂತಾನಾ? ಚೆನ್ನಾಗಿದೆ! ಸೋದರಮಾವನ್ನ ಕೇಳೋ ಮಾತಾ ಇದು? ನಾಣ್ಯದಲ್ಲಿ ತಟ್ಟಿದಾಗ ಟಣ್ ಅಂದ್ರೆ ಅಂಟು ಹಿಡಿದಿದೆ. ಡಬ್ ಅಂದ್ರೆ ಬಟ್ಟೆ ಹಿಂದೆ ಗಾಳಿ, ಅಲ್ಲಿಗೆ ಸಿರಿಂಜು ಚುಚ್ಚಿ ಅಂಟು ತುಂಬು. ಈ ಕಿವಿ ಏನು ಸಾಮಾನ್ಯಾನಾ? ಪಕ್ಕದ ಬೀದಿಯ ಕಂಬ ಕೆಮ್ಮಿದ್ರೆ ಇಲ್ಲಿಂದಲೇ ಹೇಳ್ತಿದ್ದೆ, ಯಾವ ಮಹಡಿ ಅಂತ!

ಇಗೋ ತಟ್ತೀನಿ. ಟಣ್. ಇಲ್ಲಿ? ಟಣ್. ಇಲ್ಲೂ ಟಣ್! ಹಾಕು ಸಹಿ, ಇಂಜಿನಿಯರಮ್ಮ. ನಾಳೆ ಮೇಲಿನ ವಾರ್ಡಿಗೆ ಬಾಣಂತಿಯರು ಬರ್ತಾರೆ, ಕೂಸುಗಳು ಬರ್ತವೆ...

ಯಾಕೆ ಹಾಗೆ ನೋಡ್ತೀಯ? ಇಲ್ಲೇ ಮತ್ತೆ ತಟ್ಟಬೇಕಾ? ತಗೋ. ಟಣ್ ಅಂತು ನೋಡು!... ಅಂತು ತಾನೇ?

ಹಾಂ, ಕೇಳಿಸ್ತು, ಕೇಳಿಸ್ತು. ಸರಿಯಾಗಿದೆ ಅಂದೆ ತಾನೇ? ನಾನೂ ಅದನ್ನೇ ಹೇಳೋದು... ನನ್ನ ಕೈ ಯಾಕೆ ಎಳೀತೀಯೇ? ನಿನ್ನ ಗಂಟಲ ಮೇಲೆ ಯಾಕೆ ಇಟ್ಕೊಂಡೆ? ಮಾತಾಡು ಮತ್ತೆ... ತುಟಿ ಆಡ್ತಿದೆ. ಗಂಟಲು ಅದುರ್ತಾನೇ ಇಲ್ವಲ್ಲ...

ಓ.

ದನಿಯೇ ತೆಗೀಲಿಲ್ವಾ ನೀನು? ಬರೀ ತುಟಿನಾ?

ಕಳ್ಳಿ. ಚಳಿಗಾಲದಿಂದ ಎಲ್ಲರ ತುಟಿ ನೋಡ್ಕೊಂಡೇ ಕಾಲ ತಳ್ಳಿದ್ದೆ ಕಣೇ. ಯಾರಿಗೂ ಗೊತ್ತಾಗಿರಲಿಲ್ಲ. ಗಂಡ ಈಗೀಗ ಎದುರಾಡೋದೇ ಇಲ್ಲ, ಬುದ್ಧಿ ಬಂತು ಅಂತ ನಿಮ್ಮತ್ತೆ ಬೀದಿಗೆಲ್ಲ ಸಾರಿದಾಳೆ, ಪಾಪ.

ಅಳಬೇಡ... ಪೆನ್ನು ಒಳಗಿಡು. ಈ ನಾಣ್ಯ ಹಿಡಿ. ಬುಡದಿಂದ ಶುರು ಮಾಡು, ಒಂದು ಗೇಣೂ ಬಿಡಬೇಡ. ಡಬ್ ಅಂದ ಕಡೆ ಬಾಯಲ್ಲಿ ಹೇಳಬೇಡ, ಸೀಮೆಸುಣ್ಣದಲ್ಲಿ ಗುರುತು ಹಾಕು. ಸಿರಿಂಜು ಹಿಡ್ಕೊಂಡು ನಿನ್ನ ಹಿಂದೆ ಬರ್ತೀನಿ. ಕೈ ಇನ್ನೂ ನಡುಗಿಲ್ಲ... ಇದು ನಿಜ.