ಕೇಳಿದ ಮೇಲಿನ ಕೆಲಸ

ಬಸ್ಸಿಗೆ ನಿಂತ ಸಾಲಿನಲ್ಲಿ ನನ್ನ ಮುಂದೆ ಅಕ್ಕತಂಗಿಯರಿಬ್ಬರು. ಮೊದಲು ಮಾತು ತೆಗೆದವಳು ಅಕ್ಕ.

“ನಿಮ್ಮ ಸಂಶೋಧನೆಲಿ, ಸಾಯ್ಬೇಕು ಅನ್ಸತ್ತಾ ಅಂತ ಮಕ್ಕಳನ್ನ ನೇರವಾಗೇ ಕೇಳ್ತೀರಾ?”

“ಹೂಂ, ನೇರವಾಗೇ.”

“ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗಲ್ವೇನೇ?”

“ಆಗಲ್ಲ ಅಕ್ಕ. ಕೇಳಿದ್ರೆ ಎಷ್ಟೋ ಮಕ್ಕಳ ಮನಸ್ಸು ಹಗುರಾಗತ್ತೆ. ಕಷ್ಟ ಇರೋದು ಆಮೇಲೆ. ಕೇಳಿ ಸುಮ್ನೆ ಕೂತ್ಕೋಬೇಕು. ಅದಕ್ಕೇ ನಮಗೆ ತಾಲೀಮು ಕೊಡ್ತಾರೆ.”

“ಬಾಯಿ ಮುಚ್ಕೊಂಡಿರೋಕೆ ತಾಲೀಮಾ?”

“ನಿನಗಂತೂ ಬೇಕೇ ಬೇಕು.”

ಅಕ್ಕ ನಗಲಿಲ್ಲ.

“ನಿನ್ನೆ ಮಗಳನ್ನ ಕೇಳ್ದೆ, ಯಾಕೆ ಮಂಕಾಗಿದೀಯ ಅಂತ. ಅವಳು ಬಾಯಿ ಬಿಡೋ ಮೊದ್ಲೇ, ಮೊಬೈಲ್ ನೋಡ್ತಾ ನಿದ್ದೆಗೆಟ್ರೆ ಇನ್ನೇನಾಗತ್ತೆ ಅಂದ್ಬಿಟ್ಟೆ.”

“ಅವಳೇನಂದ್ಲು?”

“ಹೌದಮ್ಮ ಅಂದ್ಲು.”

ತಂಗಿ ಏನೂ ಹೇಳಲಿಲ್ಲ. ಬಸ್ಸು ಬಂದು ನಿಂತಿತು. ಆಗಲೂ ಅವಳು ಅಕ್ಕನ ಮುಖವನ್ನೇ ನೋಡುತ್ತಿದ್ದಳು.

“ನೀನು ಹೋಗು,” ಎಂದಳು ಅಕ್ಕ, ಕೊನೆಗೆ. “ನಾನು ಮನೆಗೆ ವಾಪಸ್ ಹೋಗ್ತೀನಿ. ಇನ್ನೊಂದ್ಸಲ ಕೇಳ್ಬೇಕು.”