ಲೆಕ್ಕಕ್ಕಿಲ್ಲದ ಎಸೆತಗಳು

ನಮ್ಮ ಕ್ಲಬ್ಬಿನ ಅಧ್ಯಕ್ಷೆ ಮಾರ್ಗಿಟ್ ಲಿಂಡ್‌ಕ್ವಿಸ್ಟ್ ಅವರೇ, ಪಕ್ಕದಲ್ಲಿ ಕೂತಿರುವ ಮ್ಯಾನೇಜರ್ ಬರ್ಡೆಟ್ ಅವರೇ, ಕೋಳಿ ಮುಗಿಸಿ ಸೇಬಿನ ಪೈಗೆ ಕಾಯುತ್ತಿರುವ ಸಭಿಕರೇ,

ಹೆಸರು ಕರೆಯುವ ಮೊದಲೇ ಎದ್ದು ನಿಂತೆನೆಂದು ನೀವು ನಕ್ಕಿರಿ. ನಗಿ. ಏಳು ಎಂದಾಗ ಏಳುವುದು, ಬೇಡ ಎಂದಾಗ ಕೂರುವುದು: ಇದೇ ಈ ರೋಲಂಡ್ ಪೆಲ್ಕಿಯ ಉದ್ಯೋಗ. ನಮ್ಮ ಬೇಸ್‌ಬಾಲ್‌ನಲ್ಲಿ ಚೆಂಡು ಎಸೆದು ಆಟ ಶುರು ಮಾಡುವ ಪಿಚರ್‌ನ ಹೆಸರು ಬೆಳಗಿನ ಪತ್ರಿಕೆಯಲ್ಲಿರುತ್ತದೆ. ಅವನ ತೋಳು ಸೋತಾಗ ನಡುವೆ ಬಂದು ಚೆಂಡು ಹಿಡಿಯುವ ಬದಲಿ ಪಿಚರ್ ನಾನು.

ಯಾರೂ ಬದಲಿಯಾಗಿ ಹುಟ್ಟುವುದಿಲ್ಲ ಸ್ವಾಮಿ. ಶಾಲೆಯಲ್ಲಿ ನಾನೂ ಆಟ ಶುರು ಮಾಡುತ್ತಿದ್ದವನೇ. ಇವನಿಗೆ ವೇಗ ಬಿಟ್ಟರೆ ಬೇರೆ ಎಸೆತ ಬರುವುದಿಲ್ಲ ಎಂದು ಯಾರೋ ತೀರ್ಮಾನಿಸಿ ನನ್ನನ್ನು ಬೇಲಿಯ ಆಚೆಯ ಬುಲ್‌ಪೆನ್ನಿಗೆ ಅಟ್ಟಿದರು. ಅಲ್ಲೊಂದು ಬೆಂಚು, ಮ್ಯಾನೇಜರ್ ಕರೆಯುವುದಕ್ಕೆ ಗೋಡೆಗೊಂದು ಫೋನು. ಫೋನು ಬಡಿದುಕೊಂಡರೆ ಎದ್ದು ತೋಳು ಬಿಸಿ ಮಾಡಿಕೊಳ್ಳಬೇಕು. ಆಟದ ಎಸೆತ ಹೇಗೋ ಹಾಗೆಯೇ, ಪೂರ್ತಿ ಬಲ ಹಾಕಿ. ಅಷ್ಟರಲ್ಲಿ ಮೈದಾನದಲ್ಲಿ ಪರಿಸ್ಥಿತಿ ಸುಧಾರಿಸಿದರೆ ಮತ್ತೆ ಫೋನು: ಕೂತುಕೋ. ಆ ಎಸೆತಗಳನ್ನು ಬರೆದಿಡುವವರು ಯಾರು? ಯಾರೂ ಇಲ್ಲ. ನಮ್ಮಪ್ಪ ಕಾಗದದ ಗಿರಣಿಯ ಗೇಟಿನಲ್ಲಿ ಹೀಗೇ ಕಾಯುತ್ತಿದ್ದ. ಯಂತ್ರ ಶುರುವಾದ ಮೇಲಷ್ಟೇ ಕೂಲಿ. ಕಾಯಿಸಿದ ಹೊತ್ತು ದುಡಿಮೆಯಲ್ಲವೇ? ಅಪ್ಪನ ಯೂನಿಯನ್ ಈ ಪ್ರಶ್ನೆಗಾಗಿ ಗಿರಣಿಯನ್ನೇ ನಿಲ್ಲಿಸಿತ್ತು. ನಾವು ಯಾವ ಆಟವನ್ನು ನಿಲ್ಲಿಸಿದ್ದೇವೆ?

ಈಗಲೂ ಮನೆಯಲ್ಲಿ ಫೋನು ಬಂದರೆ ನಾನು ಎದ್ದು ಭುಜ ತಿರುಗಿಸುತ್ತೇನೆ. ಹೆಂಡತಿ ಜನೀನ್ ಹೇಳುತ್ತಾಳೆ, "ಅದು ನನ್ನ ಅಕ್ಕನ ಫೋನು ಕಣ್ರೀ. ನಿಮ್ಮನ್ಯಾರೂ ಕರೀತಿಲ್ಲ, ಕೂತ್ಕೊಳ್ಳಿ." ಕೂರಲು ಆಗುವುದಿಲ್ಲ. ಚರ್ಚಿನಲ್ಲೂ ಆಗುವುದಿಲ್ಲ. ಅವಳು ಬೇರೆ ಕೋಣೆಯಲ್ಲಿ ಮಲಗುವುದೂ ಅದಕ್ಕೇ. ಇದನ್ನು ಯಾಕೆ ಹೇಳಿದೆನೋ, ಇರಲಿ.

ನಾನು ದೊಡ್ಡ ಲೀಗ್ ಕಂಡವನೆಂದು ಈಗ ನನ್ನ ಪರಿಚಯ ಮಾಡಿಕೊಟ್ಟವರು ಹೇಳಿದರು. ಕಂಡೆ, ಬೇಲಿಯ ಸಂದಿಯಿಂದ. ಯಾರದೋ ಮೊಣಕೈ ನೊಂದಿತ್ತು, ನನ್ನನ್ನು ಕರೆಸಿಕೊಂಡರು. ಅಪ್ಪ ಬಸ್ಸು ಹತ್ತಿ ನೋಡಲು ಬಂದ. ಆಟ ಮುಗಿಯುವವರೆಗೂ ಎದ್ದೆ, ಎಸೆದೆ, ಕೂತೆ. ಮತ್ತೆ ಎದ್ದೆ, ಎಸೆದೆ, ಕೂತೆ. ಹೊರಗೆ ಬಂದಾಗ ಅಪ್ಪ ಕೇಳಿದ್ದು ಇಷ್ಟೇ: "ಅಷ್ಟು ಬೆವತಿದೀಯಲ್ಲೋ, ಆಡಿದ್ದು ಯಾವಾಗ?" ಕೆಲವೇ ದಿನಕ್ಕೆ ಸಣ್ಣ ಲೀಗಿಗೆ ವಾಪಸು ಕಳಿಸಿದರು. ದೊಡ್ಡ ಲೀಗಿನ ದಾಖಲೆಯಲ್ಲಿ ನನ್ನ ಹೆಸರಿಲ್ಲ. ತೋಳು ಮಾತ್ರ ಅಲ್ಲೇ ಸವೆಯಿತು.

ಈಗ ಕಿಟಕಿಯ ಪಕ್ಕದ ಮೇಜಿನತ್ತ ನೋಡಿ. ಅಲ್ಲಿ ಕೂತಿರುವುದು ಎವಾರಿಸ್ಟೊ ಪೆಗೆರೊ, ಡೊಮಿನಿಕನ್ ರಿಪಬ್ಲಿಕ್ ದೇಶದವನು, ನನ್ನ ಹಾಗೇ ಬದಲಿ ಪಿಚರ್. ಎಡಗೈಯಲ್ಲಿ ಫೋರ್ಕ್ ಹಿಡಿದು ತಿನ್ನುತ್ತಿದ್ದಾನೆ, ಬಲಭುಜ ಮೇಲೇಳುವುದಿಲ್ಲ. ನಾಳೆ ಅವನನ್ನು ತಂಡದಿಂದ ಕೈಬಿಡುತ್ತಾರಂತೆ. ಅವನು ಆಡಿದ್ದೇ ಕಡಿಮೆ, ಆದ್ದರಿಂದ ಈ ನೋವು ಊರಿಂದಲೇ ತಂದದ್ದು, ಚಿಕಿತ್ಸೆ ತಮ್ಮ ಹೊಣೆಯಲ್ಲ ಎಂದು ಕ್ಲಬ್ಬಿನವರ ವಾದ.

ಬರ್ಡೆಟ್ ಅವರೇ, ಕಳೆದ ಬೇಸಿಗೆಯೆಲ್ಲ ಅವನ ಪಕ್ಕದಲ್ಲಿ ಎಸೆದವನು ನಾನು. ಒಂದೇ ಆಟದಲ್ಲಿ ಪದೇ ಪದೇ ಅವನನ್ನು ಎಬ್ಬಿಸಿ ಕೂರಿಸಿದ ಫೋನು ನಿಮ್ಮದು. "ಮ್ಯಾನೇಜರ್ ಸಾರ್ ಇನ್ನೊಂದ್ಸಲ ಎಬ್ಬಿಸಿದ್ರೆ ಭುಜ ಕಿತ್ತು ಬರತ್ತೆ, ಹೇಳ್ಬಿಡಣ್ಣ" ಎಂದು ಅವನು ನನಗೆ ಅಂದ. ಹೇಳಿದೆ. ಅದೇ ಫೋನಿನಲ್ಲಿ ನೀವು ಕೊಟ್ಟ ಉತ್ತರ: "ಅವನೆಲ್ಲಿ ಆಡಿದಾನಯ್ಯ ದಣಿಯೋಕೆ?"

ಆಡಿಲ್ಲ, ದುಡಿದಿದ್ದಾನೆ. ಇದಕ್ಕೆ ಸಾಕ್ಷಿ ನಾನು. ಊರವರ ಮುಂದೆ ಹೇಳುತ್ತಿದ್ದೇನೆ, ಎಲ್ಲಿ ಬೇಕಾದರೂ ಹೇಳುತ್ತೇನೆ.

ಅಧ್ಯಕ್ಷರು ಇನ್ನು ಸ್ವಲ್ಪ ಹೊತ್ತಿನಲ್ಲಿ ನನ್ನನ್ನು ಪಿಚರ್‌ಗಳ ಕೋಚ್ ಎಂದು ಘೋಷಿಸಲಿದ್ದಾರೆ. ಆ ಕೆಲಸ ನನಗೆ ಬೇಕು ತಾಯಿ. ಬೇರೆ ಕಸುಬು ನನಗೆ ಗೊತ್ತಿಲ್ಲ. ಆದರೆ ಎವಾರಿಸ್ಟೊನನ್ನು ತಂಡದಲ್ಲೇ ಉಳಿಸಿಕೊಂಡು ಭುಜ ವಾಸಿ ಮಾಡಿಸಿದರೆ ಮಾತ್ರ ನನ್ನ ಹೆಸರು ಹೇಳಿ. ಇಲ್ಲವಾದರೆ ಬೇಡ.

ಊಟಕ್ಕೆ, ಚಪ್ಪಾಳೆಗೆ, ಇಷ್ಟು ವರ್ಷ ಸಹಿಸಿಕೊಂಡದ್ದಕ್ಕೆ ನಿಮಗೆಲ್ಲ ಕೃತಜ್ಞ. ಉಳಿದದ್ದನ್ನು ಅವನೇ ಹೇಳಲಿ. ಬಾ ಎವಾರಿಸ್ಟೊ, ಮೇಲೆ ಬಾ. ನೀನು ಕೈ ಎತ್ತಬೇಡ, ಮೈಕು ನಾನು ಇಳಿಸಿಕೊಡುತ್ತೇನೆ.

ಎಲ್ಲರಿಗೂ ನಮಸ್ಕಾರ.